ಬೆಳಕಿಗೆ ಬಂದ ಚಿತ್ರಗಳು

ವಾಚಕರೇ, ಕಲಬುರಗಿಯ ಖಾಜಾ ಬಂದೇ ನವಾಜರ ಉರುಸನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಹಿಜರಿ ಪಂಚಾಂಗದ ಜುಲ್ಕಾದ ತಿಂಗಳಲ್ಲಿ ಮೊದಲ ದಿನ ಸಂದಲ್, ಮರುದಿನ ಉರುಸು, ಮೂರನೆಯ ದಿನ ಚಿರಾಗ್. ಚಿರಾಗ್ ಎಂದರೆ ದೀಪ. ಅದೇ ಊರಿನಲ್ಲಿ ಹೋಳಿ ಹುಣ್ಣಿಮೆ ಕಳೆದ ಐದನೆಯ ದಿನ ಶರಣಬಸವೇಶ್ವರರ ತೇರು ಎಳೆಯುತ್ತಾರೆ. ಬಿಸಿಲಿಗೆ ಹೆಸರಾದ ಈ ನಾಡಿನಲ್ಲಿ ಜನ ಹೊತ್ತು ಮುಳುಗಿದ ಮೇಲೆಯೇ ನಿರಾಳವಾಗಿ ಮನೆಯಿಂದ ಹೊರಗೆ ಬರುತ್ತಾರೆ. ಆದ್ದರಿಂದ ಇಲ್ಲಿಯ ಸಂಭ್ರಮಗಳಿಗೆಲ್ಲ ರಾತ್ರಿಯ ನಂಟು ಹೆಚ್ಚು. ದೀಪದ ನಂಟು ಅದಕ್ಕಿಂತಲೂ ಹೆಚ್ಚು.

ಹಿಂದಿನ ಜಾತ್ರೆಗಳಲ್ಲಿ ಒಬ್ಬ ಮನುಷ್ಯ ತಪ್ಪದೆ ಕಾಣಿಸಿಕೊಳ್ಳುತ್ತಿದ್ದ. ಅವನ ಹತ್ತಿರ ತಗಡಿನ ಒಂದು ಪೆಟ್ಟಿಗೆ, ಪೆಟ್ಟಿಗೆಗೆ ಮೂರು ನಾಲ್ಕು ದುಂಡನೆಯ ಕಿಂಡಿಗಳು, ಕಿಂಡಿಗೆ ಗಾಜು. ಕಾಸು ಕೊಟ್ಟ ಮಕ್ಕಳು ಮಂಡಿಯೂರಿ ಕಣ್ಣಿಟ್ಟರೆ ಒಳಗೆ ಚಿತ್ರಗಳ ಸುರುಳಿ ತಿರುಗುತ್ತಿತ್ತು. ದಿಲ್ಲಿ ನೋಡ್ರಿ, ಬೊಂಬಾಯಿ ನೋಡ್ರಿ, ಆಗ್ರಾದ ತಾಜಮಹಲ ನೋಡ್ರಿ ಎಂದು ಅವನು ರಾಗವಾಗಿ ಕೂಗುತ್ತಿದ್ದ. ಊರ ಗಡಿ ದಾಟದ ಹುಡುಗ ಆ ಕಿಂಡಿಯಲ್ಲಿ ಇಂಡಿಯಾ ದೇಶವನ್ನೆಲ್ಲ ಸುತ್ತಿ ಬರುತ್ತಿದ್ದ. ಪೆಟ್ಟಿಗೆಗೆ ಬಯಾಸ್ಕೋಪು ಎಂದು ಹೆಸರು. ಒಳಗಿನ ಚಿತ್ರ ಕಾಣಬೇಕಾದರೆ ಬೆಳಕು ಬೇಕು; ಹಗಲಾದರೆ ಮುಚ್ಚಳ ತೆರೆದರೆ ಸಾಕು, ರಾತ್ರಿಯಾದರೆ ದೀಪವಿಡಬೇಕು.

ಈಗ ಜಗತ್ತಿನ ದೊಡ್ಡ ನಗರಗಳಲ್ಲಿ ಹೊಸದೆನಿಸುವ ಒಂದು ಕಲೆ ಬಳಕೆಗೆ ಬಂದಿದೆ. ಪ್ರವಾಸದಲ್ಲಿ ತೆಗೆದ ಛಾಯಾಚಿತ್ರಗಳನ್ನು ಆಳೆತ್ತರಕ್ಕೆ ಹಿಗ್ಗಿಸಿ, ಬೆಳಕು ಹಾಯುವ ಹಾಳೆಯ ಮೇಲೆ ಮುದ್ರಿಸಿ, ಹಿಂಬದಿಯಿಂದ ದೀಪ ಹಚ್ಚಿ, ತೋಟಗಳಲ್ಲಿಯೂ ಕೆರೆಯ ದಂಡೆಗಳಲ್ಲಿಯೂ ಸಾಲಾಗಿ ನಿಲ್ಲಿಸುತ್ತಾರೆ. ನೋಡುವವರು ಕುರ್ಚಿಯಲ್ಲಿ ಕೂರುವುದಿಲ್ಲ. ಚಿತ್ರಗಳ ನಡುವೆ, ಕತ್ತಲೆಯಲ್ಲಿ, ನಡೆದು ಹೋಗುತ್ತಾರೆ. ದೂರದ ಊರೊಂದರೊಳಗೆ ಕಾಲಿಟ್ಟಂತಹ ಅನುಭವ ಅವರಿಗಾಗುತ್ತದೆ. ಈ ಕಲೆ ನಮಗೆ ಹೊರಗಿನಿಂದ ಬಂದದ್ದೇ? ಇದರ ಹಿಂದಿನ ಚರಿತ್ರೆಯಲ್ಲಿ ನಮ್ಮ ಪಾಲೆಷ್ಟು? ಕಲಬುರಗಿ ಮತ್ತು ಕಮಲಾಪುರಗಳನ್ನು ಕಣ್ಣಮುಂದೆ ಇಟ್ಟುಕೊಂಡು ಈ ಪ್ರಶ್ನೆಗಳನ್ನು ವಿಚಾರಿಸೋಣ.

ದೀಪದ ಮುಂದೆ ಚಿತ್ರ ಹಿಡಿದು ಊರ ಮಂದಿಗೆಲ್ಲ ತೋರಿಸುವ ಕಲೆಯನ್ನು ಕನ್ನಡನಾಡು ಯಾರಿಂದಲೂ ಸಾಲ ತರಬೇಕಾಗಿಲ್ಲ. ತೊಗಲು ಗೊಂಬೆಯಾಟವನ್ನು ನೆನೆಯಿರಿ. ಮೇಕೆಯ ಅಥವಾ ಜಿಂಕೆಯ ಚರ್ಮವನ್ನು ನೆನೆಸಿ, ಕೂದಲು ತೆಗೆದು, ಹೆರೆದು ತೆಳ್ಳಗೆ ಮಾಡಿ, ಎಳೆದು ಕಟ್ಟಿ ಒಣಗಿಸಿದರೆ ಅದು ಬೆಳಕಿಗೆ ದಾರಿ ಬಿಡುವಂತಾಗುತ್ತದೆ. ಅದರ ಮೇಲೆ ರಾಮ, ರಾವಣ, ಹನುಮಂತರನ್ನು ಬರೆದು ಬಣ್ಣ ಹಾಕುತ್ತಾರೆ. ಉಳಿಯಿಂದ ಸಣ್ಣ ಸಣ್ಣ ತೂತುಗಳನ್ನು ಕೊರೆಯುತ್ತಾರೆ. ಬಿಳಿಯ ಪರದೆಯ ಹಿಂದೆ ಎಣ್ಣೆಯ ದೀಪ ಉರಿಯುವಾಗ ಬಣ್ಣವು ಗಾಜಿನಂತೆ ಹೊಳೆಯುತ್ತದೆ. ಆ ತೂತುಗಳೇ ಕಿರೀಟದ ಹರಳುಗಳಾಗಿ, ಕೊರಳಿನ ಮುತ್ತುಗಳಾಗಿ ಮಿನುಗುತ್ತವೆ. ಇದನ್ನು ಬರಿಯ ನೆರಳಿನಾಟ ಎಂದರೆ ತಪ್ಪಾದೀತು. ಇಲ್ಲಿ ಪರದೆಯ ಮೇಲೆ ಬೀಳುವುದು ಬಣ್ಣದ ಬೆಳಕು. ಮಳೆ ಹೋದ ವರ್ಷ ಊರವರು ಕಿಳ್ಳೇಕ್ಯಾತರನ್ನು ಕರೆಸಿ ಬಯಲಿನಲ್ಲಿ ಇರುಳೆಲ್ಲ ಆಟ ಆಡಿಸುತ್ತಿದ್ದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆತಾಗ ಆ ಹಳೆಯ ದೀಪಕ್ಕೆ ತಡವಾಗಿಯಾದರೂ ಮರ್ಯಾದೆ ಸಂದಿತು ಎನ್ನಬೇಕು.

ಬಯಲು, ಕತ್ತಲೆ, ದೀಪ, ಬೆಳಕು ಹಾಯುವ ಚಿತ್ರ, ನೆರೆದ ಜನ: ಈ ಐದು ಅಂಗಗಳೂ ನಮ್ಮಲ್ಲಿ ಮೊದಲೇ ಇದ್ದವು. ಹೊಸದಾಗಿ ಸೇರಬೇಕಾಗಿದ್ದುದು ಛಾಯಾಚಿತ್ರವೊಂದೇ.

ಅದು ಬಂದ ಬಗೆ ಹೀಗೆ. 1855ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿಯವರು ಹಳೆಯ ಕಟ್ಟಡಗಳನ್ನು ಚಿತ್ರಕಾರರ ಕೈಯಿಂದ ಬರೆಸುವುದಕ್ಕಿಂತ ಕ್ಯಾಮೆರಾದಿಂದ ಹಿಡಿಸುವುದು ಮೇಲು, ಅದರಲ್ಲಿ ತಪ್ಪು ಕಡಿಮೆ, ಖರ್ಚೂ ಕಡಿಮೆ ಎಂದು ತೀರ್ಮಾನಿಸಿದರು. ಮುಂಬಯಿ ಸರ್ಕಾರವು ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬಾತನನ್ನು ಈ ಕೆಲಸಕ್ಕೆ ನೇಮಿಸಿತು. ಅವನು ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಸುತ್ತಿದ. ಅವನ ತರುವಾಯ ಡಾಕ್ಟರ್ ಪಿಗೌ ಆ ಕೆಲಸವನ್ನು ಮುಂದುವರಿಸಿದ. ಇವರ ಚಿತ್ರಗಳನ್ನೊಳಗೊಂಡ ದೊಡ್ಡ ಪುಸ್ತಕಗಳು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಅವುಗಳಿಗೆ ಬರೆಹ ಒದಗಿಸಿದವರಲ್ಲಿ ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಒಬ್ಬನೆಂಬುದು ನಮ್ಮ ಭಾಗದವರಿಗೆ ನೆನಪಿನಲ್ಲಿಡತಕ್ಕ ಸಂಗತಿ.

ಇದೇ ಕಾಲದಲ್ಲಿ, 1856ರಲ್ಲಿ, ಮದರಾಸು ಸೈನ್ಯದ ಅಧಿಕಾರಿಯಾದ ಅಲೆಕ್ಸಾಂಡರ್ ಗ್ರೀನ್‌ಲಾ ತುಂಗಭದ್ರೆಯ ದಂಡೆಯ ಹಂಪಿಗೆ ಬಂದ. ಹಂಪಿಗೆ ಅಂಟಿಕೊಂಡಂತೆ ಒಂದು ಕಮಲಾಪುರವಿದೆಯಷ್ಟೆ. ನಮ್ಮ ಕಲಬುರಗಿ ಜಿಲ್ಲೆಯ ಕಮಲಾಪುರ ಬೇರೆ, ಅದು ಬೇರೆ. ಹೆಸರು ಮಾತ್ರ ಒಂದೇ. ಆ ಕಮಲಾಪುರದ ಸುತ್ತಿನ ಪಾಳು ಪಟ್ಟಣವನ್ನು ಗ್ರೀನ್‌ಲಾ ಸುಮಾರು ಒಂದೂವರೆ ಅಡಿ ಅಗಲದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಕಾಗದಕ್ಕೆ ಮೇಣ ಸವರಿ, ಅದರ ಎಳೆಗಳ ನಡುವಿನ ಸಂದುಗಳನ್ನು ತುಂಬಿ, ಬೆಳಕು ಹಾಯುವಂತೆ ಮಾಡುವುದು ಆ ಕಾಲದ ವಿಧಾನ. ನೋಡಿದಿರಾ? ಗೊಂಬೆಯಾಟದವರು ಚರ್ಮವನ್ನು ಹೆರೆದು ಮಾಡಿದ್ದನ್ನೇ ಇವನು ಕಾಗದಕ್ಕೆ ಮೇಣ ಹಾಕಿ ಮಾಡಿದ. ಇಬ್ಬರಿಗೂ ಬೇಕಾಗಿದ್ದುದು ಒಂದೇ: ವಸ್ತು ಬೆಳಕಿಗೆ ಅಡ್ಡ ನಿಲ್ಲದೆ ದಾರಿ ಬಿಡಬೇಕು.

ಗ್ರೀನ್‌ಲಾನ ಆ ನೆಗೆಟಿವ್‌ಗಳು ಬಹುಕಾಲ ಲೋಕದ ಕಣ್ಣಿಗೆ ಬೀಳದೆ ಇಂಗ್ಲೆಂಡಿನಲ್ಲಿ ಉಳಿದಿದ್ದವು. ಅವು ಹೊರಬಿದ್ದ ಮೇಲೆ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1983ರಲ್ಲಿ ಹಂಪಿಯಲ್ಲಿ ಗ್ರೀನ್‌ಲಾ ನಿಂತ ನೆಲೆಗಳನ್ನೇ ಹುಡುಕಿ, ಅಲ್ಲಿಯೇ ನಿಂತು, ಅದೇ ದೃಶ್ಯಗಳನ್ನು ಮತ್ತೆ ತೆಗೆದರು. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನೂರಿಪ್ಪತ್ತೇಳು ವರ್ಷಗಳ ಚರಿತ್ರೆ ತಾನಾಗಿ ಮಾತನಾಡುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ವಿಠಲ ದೇವಾಲಯದ ಕಲ್ಲಿನ ರಥ ಈಗ ಐವತ್ತು ರೂಪಾಯಿ ನೋಟಿನ ಬೆನ್ನಿನ ಮೇಲಿದೆ. ನಿಮ್ಮ ಜೇಬಿನಲ್ಲಿದ್ದರೆ ತೆಗೆದು ನೋಡಬಹುದು. ಅದರ ನೆತ್ತಿ ಚಪ್ಪಟೆಯಾಗಿದೆ. ಗ್ರೀನ್‌ಲಾನ 1856ರ ಚಿತ್ರದಲ್ಲಾದರೋ ಆ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ! ಆಮೇಲೆ ಅದನ್ನು ಇಳಿಸಿಬಿಟ್ಟರು. ಚಿತ್ರವೊಂದು ಉಳಿಯದಿದ್ದರೆ, ರಥಕ್ಕೆ ಶಿಖರವಿತ್ತೆಂದು ಹೇಳಿದವನನ್ನು ನಾವು ಅಷ್ಟು ಸುಲಭವಾಗಿ ನಂಬುತ್ತಿದ್ದೆವೇ?

ಇನ್ನು ನಮ್ಮ ಕಲಬುರಗಿಗೆ ಬರೋಣ. ಆಗ ಇದು ನಿಜಾಮರ ಸೀಮೆ. 1871ರ ಹೊತ್ತಿಗೆ ಮುಂಬಯಿ ರಾಯಚೂರುಗಳ ನಡುವಿನ ರೈಲುದಾರಿ ಊರಿನ ಮೇಲೆ ಹಾದುಹೋಗಿತ್ತು. ಪ್ರವಾಸಿಗಳೂ ಅವರ ಹಿಂದೆ ಕ್ಯಾಮೆರಾಗಳೂ ಬರತೊಡಗಿದವು. ಇವರಲ್ಲಿ ಮುಖ್ಯನಾದವನು ಲಾಲಾ ದೀನ್ ದಯಾಳ್. ಮೀರತ್ತಿನ ಹತ್ತಿರದ ಸರ್ಧಾನಾದಲ್ಲಿ 1844ರಲ್ಲಿ ಹುಟ್ಟಿ, ರೂರ್ಕಿಯಲ್ಲಿ ಇಂಜಿನಿಯರಿಂಗ್ ಕಲಿತು, ಇಂದೂರಿನ ಲೋಕೋಪಯೋಗಿ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದ ಈತ ಬಿಡುವಿನಲ್ಲಿ ಕ್ಯಾಮೆರಾ ಹಿಡಿದ. ಕೊನೆಗೆ ಕಚೇರಿಯನ್ನೇ ಬಿಟ್ಟ. ಸಿಕಂದರಾಬಾದಿನಲ್ಲಿ ಅಂಗಡಿ ತೆರೆದು ಆರನೆಯ ನಿಜಾಮ ಮಹಬೂಬ್ ಅಲಿಖಾನರ ಆಸ್ಥಾನ ಛಾಯಾಗ್ರಾಹಕನಾದ. 1894ರಲ್ಲಿ ನಿಜಾಮರು ರಾಜಾ ಬಹದ್ದೂರ್ ಮುಸವ್ವಿರ್ ಜಂಗ್ ಎಂಬ ಬಿರುದಿತ್ತು ಗೌರವಿಸಿದರು. ಮುಸವ್ವಿರ್ ಎಂದರೆ ಚಿತ್ರಕಾರ. 1905ರಲ್ಲಿ ತೀರಿಕೊಳ್ಳುವ ತನಕ ಅವನ ಕೈಗೆ ಬಿಡುವಿರಲಿಲ್ಲ.

ದೀನ್ ದಯಾಳನ ಅಂಗಡಿಯವರು ತೆಗೆದ ನಿಜಾಮ್ ಸೀಮೆಯ ದೃಶ್ಯಗಳ ಆಲ್ಬಮ್ಮೊಂದು 1892ರ ಹೆಸರಿನಲ್ಲಿ ಲಾರ್ಡ್ ಕರ್ಜನ್ನನ ಸಂಗ್ರಹಕ್ಕೆ ಸೇರಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ಗುಲ್ಬರ್ಗಾ ಎಂಬ ಅಂದಿನ ಹೆಸರಿನಲ್ಲಿ ನಮ್ಮೂರ ಕೋಟೆಯೊಳಗಿನ ಜಾಮಿ ಮಸೀದಿಯ ಚಿತ್ರವುಂಟು. ಈ ಮಸೀದಿಯ ವಿಶೇಷ ನಿಮಗೆ ತಿಳಿದೇ ಇದೆ. ಬಹಮನಿ ಅರಸರ ಕಾಲದಲ್ಲಿ, 1367ರಲ್ಲಿ, ಪರ್ಷಿಯದ ಕಜ್ವೀನಿನಿಂದ ಬಂದ ರಫಿ ಎಂಬ ಶಿಲ್ಪಿ ಇದನ್ನು ಕಟ್ಟಿದ. ಸಾಮಾನ್ಯವಾಗಿ ಇಂತಹ ಮಸೀದಿಗಳಿಗೆ ನಡುವೆ ತೆರೆದ ಅಂಗಳವಿರುತ್ತದೆ, ಇದಕ್ಕೆ ಅದಿಲ್ಲ. ಸುಮಾರು 216 ಅಡಿ ಉದ್ದ, 176 ಅಡಿ ಅಗಲದ ಇಡೀ ಜಾಗವನ್ನು ಗುಮ್ಮಟಗಳ ಮಾಡು ಹೊದಿಸಿದೆ. ಬೆಳಕು ಮೇಲಿನಿಂದ ಬರುವಂತಿಲ್ಲ. ಪಕ್ಕದ ಅಗಲವಾದ ಕಮಾನುಗಳಿಂದ ತಗ್ಗಿ ಒಳಗೆ ಬರುತ್ತದೆ. ಬೆಳಕನ್ನೇ ಬಂಡವಾಳ ಮಾಡಿಕೊಂಡ ಛಾಯಾಗ್ರಾಹಕನಿಗೆ ಇಂಥ ಕಟ್ಟಡ ಒಂದು ಪರೀಕ್ಷೆಯೇ ಸರಿ. ಭಾರವಾದ ಮರದ ಕ್ಯಾಮೆರಾ, ಮೂರು ಕಾಲಿನ ನಿಲುವುಗಾಲು, ಪೆಟ್ಟಿಗೆಗಟ್ಟಲೆ ಗಾಜಿನ ಫಲಕ ಇವನ್ನೆಲ್ಲ ಹೊರಿಸಿಕೊಂಡು ಬಂದವರು ಈ ಕಲ್ಲಿನ ಮುಂದೆ ನಿಂತಿದ್ದರು.

ಹೀಗೆ ತೆಗೆದ ಚಿತ್ರಗಳನ್ನು ನೋಡಿದವರು ಯಾರು? ಇದೇ ಈ ಚರಿತ್ರೆಯ ಮುಖ್ಯವಾದ ಪ್ರಶ್ನೆ. ಕೋಳಿಮೊಟ್ಟೆಯ ಬಿಳಿಲೋಳೆ ಸವರಿದ ಕಾಗದದ ಮೇಲೆ ಕಂದುಬಣ್ಣದಲ್ಲಿ ಮೂಡಿದ ಆ ಚಿತ್ರಗಳು ದಪ್ಪ ರಟ್ಟಿನ ಆಲ್ಬಮ್ಮುಗಳಿಗೆ ಸೇರಿದವು. ಆಲ್ಬಮ್ಮುಗಳು ಅರಮನೆಗಳಿಗೆ, ರೆಸಿಡೆನ್ಸಿಗಳಿಗೆ, ವೈಸರಾಯನ ಗ್ರಂಥಾಲಯಕ್ಕೆ ಹೋದವು. ಕೋಟೆಯ ಬಾಗಿಲಲ್ಲಿ ಕಡಲೆ ಮಾರುತ್ತಿದ್ದವಳು, ಕಂದಕದ ದಂಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದವನು ತಮ್ಮ ಊರಿನ ಚಿತ್ರ ಕಾಗದದ ಮೇಲೆ ಹೇಗೆ ಮೂಡಿತೆಂದು ಕಾಣಲೇ ಇಲ್ಲ. ದೀನ್ ದಯಾಳನ ಗಾಜಿನ ಫಲಕಗಳಲ್ಲಿ 2800ಕ್ಕೂ ಹೆಚ್ಚು ಈಗ ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿ ಭದ್ರವಾಗಿವೆ. ಭದ್ರವಾಗಿರುವುದು ಸಂತೋಷ. ಆದರೆ ಕಪಾಟಿನಲ್ಲಿ ಭದ್ರವಾಗಿರುವುದಕ್ಕೂ ಜನರ ಕಣ್ಣಿಗೆ ಬೀಳುವುದಕ್ಕೂ ನಡುವೆ ಇನ್ನೂ ಒಂದು ಹೆಜ್ಜೆಯುಂಟು.

ಆ ಹೆಜ್ಜೆಯನ್ನು ಪಶ್ಚಿಮ ದೇಶಗಳಲ್ಲಿ ಇಟ್ಟದ್ದು ಮಾಯಾದೀಪ, ಅಂದರೆ ಮ್ಯಾಜಿಕ್ ಲ್ಯಾಂಟರ್ನ್. ಡಚ್ ವಿಜ್ಞಾನಿ ಹೈಗನ್ಸ್ 1659ರ ಸುಮಾರಿಗೆ ಇದನ್ನು ರಚಿಸಿದ. ಪೆಟ್ಟಿಗೆಯೊಳಗೆ ದೀಪ, ಅದರ ಮುಂದೆ ಬೆಳಕನ್ನು ಒಟ್ಟುಗೂಡಿಸುವ ಮಸೂರ, ಆಮೇಲೆ ಗಾಜಿನ ಮೇಲೆ ಬರೆದ ಚಿತ್ರ, ಅದೂ ತಲೆಕೆಳಗಾಗಿ, ಕೊನೆಗೆ ಚಿತ್ರವನ್ನು ಗೋಡೆಯ ಮೇಲೆ ನೆಟ್ಟಗೆ ನಿಲ್ಲಿಸುವ ಇನ್ನೊಂದು ಮಸೂರ. ಸುಮಾರು 190 ವರ್ಷ ಇದರಲ್ಲಿ ಕೈಯಿಂದ ಬರೆದ ಚಿತ್ರಗಳನ್ನೇ ತೋರಿಸುತ್ತಿದ್ದರು. 1850ರ ಹೊತ್ತಿಗೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲ್ಯಾಂಗನ್‌ಹೈಮ್ ಸಹೋದರರು ಛಾಯಾಚಿತ್ರವನ್ನೇ ಗಾಜಿನ ಮೇಲೆ ಇಳಿಸಿದರು. ಆಮ್ಲಜನಕ, ಜಲಜನಕಗಳ ಜ್ವಾಲೆಯನ್ನು ಸುಣ್ಣದ ಗಟ್ಟಿಯ ಮೇಲೆ ಹಾಯಿಸಿದರೆ ಕಣ್ಣು ಕೋರೈಸುವ ಬಿಳಿಯ ಬೆಳಕು ಬರುತ್ತದೆ. ಆ ಬೆಳಕಿನಲ್ಲಿ ಮೂರೂಕಾಲು ಅಂಗುಲದ ಗಾಜಿನ ಚೂರೊಂದು ಸಭಾಂಗಣದ ಗೋಡೆಯನ್ನೆಲ್ಲ ತುಂಬಿತು. ಬರ್ಟನ್ ಹೋಮ್ಸ್‌ನಂತಹ ಅಮೆರಿಕದ ಉಪನ್ಯಾಸಕರು ತಾವು ಸುತ್ತಿದ ದೇಶಗಳನ್ನು ಬಣ್ಣ ಹಚ್ಚಿದ ಗಾಜುಗಳಲ್ಲಿ ತೋರಿಸಿ ದೊಡ್ಡ ಹೆಸರು ಗಳಿಸಿದರು. ಪ್ರವಾಸದ ಚಿತ್ರಕ್ಕೂ ದೀಪಕ್ಕೂ ಗಂಟು ಬಿದ್ದುದು ಹೀಗೆ.

ಆದರೆ ಇಲ್ಲಿಯೂ ನೋಡುವವರು ಒಂದು ಕಡೆ, ನೋಡಲ್ಪಡುವವರು ಇನ್ನೊಂದು ಕಡೆ. ಬ್ರಿಟಿಷ್ ಸಾಮ್ರಾಜ್ಯದ ದೇಶಗಳನ್ನು ಶಾಲಾ ಮಕ್ಕಳಿಗೆ ಚಿತ್ರಗಳ ಮೂಲಕ ಪರಿಚಯಿಸುವುದಕ್ಕಾಗಿ ಲಂಡನ್ನಿನ ವಸಾಹತು ಕಚೇರಿ 1902ರಲ್ಲಿ ಒಂದು ಸಮಿತಿ ಮಾಡಿತು. ಹ್ಯೂ ಫಿಶರ್ ಎಂಬ ಕಲಾವಿದ ಕ್ಯಾಮೆರಾ ಮತ್ತು ಬಣ್ಣದ ಪೆಟ್ಟಿಗೆ ಹಿಡಿದುಕೊಂಡು 1907ರಿಂದ ಮೂರು ವರ್ಷ ದೇಶದೇಶ ತಿರುಗಿದ. ಭೂಗೋಳ ಪಂಡಿತ ಮ್ಯಾಕಿಂಡರ್ ಇಂಡಿಯಾದ ಮೇಲೆ ಎಂಟು ಉಪನ್ಯಾಸಗಳನ್ನು ಸಿದ್ಧಪಡಿಸಿ 1910ರಲ್ಲಿ ಪ್ರಕಟಿಸಿದ. ಇಂಗ್ಲೆಂಡಿನ ಹಳ್ಳಿಯ ಹುಡುಗ ಗಂಗೆಯನ್ನೂ ಗೋಪುರಗಳನ್ನೂ ಗೋಡೆಯ ಮೇಲೆ ಕಂಡ. ನಮ್ಮ ದೇಶದಲ್ಲಿ ಇಂಥ ಯತ್ನವೇ ಇರಲಿಲ್ಲವೆಂದಲ್ಲ. ಮುಂಬಯಿ ಬಳಿಯ ಕಲ್ಯಾಣದಲ್ಲಿ ಮಹಾದೇವ ಗೋಪಾಳ ಪಟವರ್ಧನರು 1890ರ ದಶಕದಲ್ಲಿಯೇ ಶಾಂಬರಿಕ ಖರೋಲಿಕಾ ಎಂಬ ಹೆಸರಿನಲ್ಲಿ ಮಾಯಾದೀಪದ ಆಟಗಳನ್ನು ನಡೆಸಿ, ಗಾಜಿನ ಮೇಲೆ ಪುರಾಣದ ಕಥೆಗಳನ್ನು ಬರೆದು ಊರೂರಿಗೆ ಕೊಂಡೊಯ್ದಿದ್ದರು. ಆದರೆ ಸಿನೆಮಾ ಬಂದ ಮೇಲೆ ನಿಂತ ಚಿತ್ರಕ್ಕೆ ಬೆಲೆ ಇಳಿಯಿತು. ಡೇರೆ ಸಿನೆಮಾದ ಗದ್ದಲದಲ್ಲಿ ಮಾಯಾದೀಪ ಮೂಲೆಗೆ ಸರಿಯಿತು.

ಮುಂದೆ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಎರಡು ಘಟನೆಗಳು ನಡೆದವು. 1950ರಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಕೊಡಾಕ್ ಕಂಪನಿಯವರು 18 ಅಡಿ ಎತ್ತರ, 60 ಅಡಿ ಅಗಲದ ಒಂದು ಬಣ್ಣದ ಛಾಯಾಚಿತ್ರವನ್ನು ಹಿಂಬದಿಯಿಂದ ದೀಪ ಹಚ್ಚಿ ನಿಲ್ಲಿಸಿದರು. ಕಲೊರಾಮಾ ಎಂದು ಅದರ ಹೆಸರು. ಆಗಾಗ ಚಿತ್ರ ಬದಲಾಯಿಸುತ್ತ 1990ರವರೆಗೆ 565 ಚಿತ್ರಗಳನ್ನು ತೋರಿಸಿದರು. ಬೆಟ್ಟ, ಕಡಲು, ದೂರದ ಊರುಗಳೇ ಅವುಗಳಲ್ಲಿ ಹೆಚ್ಚು. ರೈಲಿಗೆ ಕಾದು ನಿಂತ ಗುಮಾಸ್ತ ತಲೆಯೆತ್ತಿದರೆ ಹಿಮದ ಬೆಟ್ಟ! ಕಂಪನಿಯ ಉದ್ದೇಶ ಫಿಲಮು ಮಾರುವುದು ಎಂಬುದು ಸ್ಪಷ್ಟ. ಆದರೂ ಟಿಕೆಟ್ಟಿಲ್ಲದೆ ಎಲ್ಲರೂ ನೋಡಬಹುದಾಗಿತ್ತು ಎಂಬ ಮಾತನ್ನು ಒಪ್ಪಬೇಕು. ಇನ್ನೊಂದು ಘಟನೆ 1952ರದು. ಫ್ರಾನ್ಸಿನ ಶಾಂಬೋರ್ ಎಂಬ ಹಳೆಯ ಅರಮನೆಯ ಪಾಲಕರಾಗಿದ್ದ ಪಾಲ್ ರಾಬರ್ಟ್ ಊದೆ ಅವರು ರಾತ್ರಿ ಆ ಕಟ್ಟಡದ ಮೇಲೆ ದೀಪಗಳನ್ನು ಹಾಯಿಸಿ, ಜೊತೆಗೆ ಧ್ವನಿಯಲ್ಲಿ ಅದರ ಕಥೆ ಹೇಳಿಸಿದರು. ಇವರು ಹೆಸರಾಂತ ಐಂದ್ರಜಾಲಿಕನೊಬ್ಬನ ವಂಶಸ್ಥರು ಎಂಬುದು ಒಂದು ಸ್ವಾರಸ್ಯ. ಈ ಧ್ವನಿ ಬೆಳಕಿನ ಪ್ರದರ್ಶನ 1965ರಲ್ಲಿ ದಿಲ್ಲಿಯ ಕೆಂಪುಕೋಟೆಗೆ ಬಂತು. ಅಲ್ಲಿಂದ ದೇಶದ ಬೇರೆ ಬೇರೆ ಸ್ಮಾರಕಗಳಿಗೆ ಹಬ್ಬಿತು.

ವಾಚಕರೇ, ಇಷ್ಟು ದೂರ ಸುತ್ತಿ ಬಂದ ಮೇಲೆ ಮತ್ತೆ ಕಲಬುರಗಿಯ ಕೋಟೆಯ ಮುಂದೆ ನಿಲ್ಲೋಣ. ನನ್ನ ಮಾತು ಸರಳವಾದದ್ದು. ಇಲ್ಲಿಂದ ತೆಗೆದುಕೊಂಡು ಹೋದ ಚಿತ್ರಗಳನ್ನು ಇಲ್ಲಿಗೇ ಮರಳಿ ತರಬೇಕು. ಮುಚ್ಚಿದ ಕೋಣೆಗೆ ತರುವುದರ ಬದಲು, ಜನ ಸಂಜೆ ಓಡಾಡುವ ಬಯಲಿಗೆ, ದೀಪದೊಂದಿಗೆ ತರಬೇಕು. ಈ ಚಿತ್ರಗಳು ಒಂದು ಶತಮಾನಕ್ಕೂ ಹಳೆಯವು. ಕೃತಿಸ್ವಾಮ್ಯದ ಅವಧಿ ಎಂದೋ ಮುಗಿದಿದೆ. ಒಳ್ಳೆಯ ಪ್ರತಿಗಳನ್ನು ಆಯಾ ಸಂಸ್ಥೆಗಳಿಂದ ಕೇಳಿ ಪಡೆಯುವ ಕೆಲಸ ಮಾತ್ರ ಉಳಿದಿದೆ.

ಹೇಗೆ ನಿಲ್ಲಿಸಬೇಕು ಎಂಬುದಕ್ಕೆ ಗಾಲಿಂಗ್ಸ್ ಅವರು ಹಂಪಿಯಲ್ಲಿ ದಾರಿ ತೋರಿಸಿದ್ದಾರೆ. ಹಳೆಯ ಛಾಯಾಗ್ರಾಹಕ ನಿಂತ ನೆಲೆಯನ್ನು ಹುಡುಕಿ ಚಿತ್ರವನ್ನು ಅಲ್ಲಿಯೇ ನಿಲ್ಲಿಸಿದರೆ, ನೋಡುವವನ ಕಣ್ಣ ಮುಂದೆ ನೂರಮೂವತ್ತು ವರ್ಷ ಹಿಂದಿನ ಮಸೀದಿ. ಅದರ ಬೆನ್ನಿಗೆ, ಮಬ್ಬು ಬೆಳಕಿನಲ್ಲಿ, ಇಂದಿನ ಮಸೀದಿ. ಚಿತ್ರದಲ್ಲಿರುವ ಮರ ಈಗಿಲ್ಲ. ಈಗಿರುವ ಮನೆ ಚಿತ್ರದಲ್ಲಿಲ್ಲ. ಏನು ಉಳಿಯಿತು, ಏನು ಹೋಯಿತು ಎಂಬುದನ್ನು ಯಾರೂ ಉಪನ್ಯಾಸ ಮಾಡಿ ಹೇಳಬೇಕಾಗಿಲ್ಲ. ಅಜ್ಜ ಮೊಮ್ಮಗನಿಗೆ ಬೆರಳು ಮಾಡಿ ತೋರಿಸಿದರೆ ಸಾಕು.

ಕೆಲವು ಎಚ್ಚರಿಕೆಗಳು ಅಗತ್ಯ. ಚಿತ್ರದ ಕಂದುಬಣ್ಣವನ್ನು ಕೆಡಿಸಿ ಏಳು ಬಣ್ಣ ಬಳಿಯುವ ಆಸೆಯನ್ನು ಬಿಡಬೇಕು. ದೀಪ ಚಿತ್ರಕ್ಕೆ ಬೇಕಾದಷ್ಟಿದ್ದರೆ ಸಾಕು. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಕತ್ತಲೆ ಉಳಿಯಬೇಕು. ಗೊಂಬೆಯಾಟದವರಿಗೆ ಈ ಗುಟ್ಟು ಗೊತ್ತಿತ್ತು: ಸುತ್ತಲೂ ಕತ್ತಲೆ ಇದ್ದರೇ ಚಿತ್ರಕ್ಕೆ ಜೀವ. ಹಳೆಯ ಗುಮ್ಮಟಗಳಲ್ಲಿ ಬಾವಲಿ, ಗೂಬೆಗಳಿಗೂ ಮನೆಯುಂಟು. ಅವುಗಳ ಕಣ್ಣಿಗೆ ದೀಪ ಚುಚ್ಚಬಾರದು. ಬೇಸಿಗೆಯ ಸಂಜೆಗಳಲ್ಲಿ ಇದ್ದಕ್ಕಿದ್ದಂತೆ ಬೀಸುವ ಬಿರುಗಾಳಿಗೆ ದೊಡ್ಡ ಹಾಳೆ ಹಾಯಿಯಂತೆ ಉಬ್ಬುತ್ತದೆ. ಚೌಕಟ್ಟು ಭದ್ರವಾಗಿರಬೇಕು, ವಿದ್ಯುತ್ತಿನ ತಂತಿ ಮಕ್ಕಳ ಕೈಗೆ ಸಿಗದಂತಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಲ್ಲಿಗೆ ಒಂದು ಮೊಳೆಯನ್ನೂ ಹೊಡೆಯಬಾರದು. ಕೋಟೆ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡಕ್ಕೆ ನಿಷಿದ್ಧ, ಅದರಾಚೆ 200 ಮೀಟರ್ ನಿಯಂತ್ರಿತ. ಬಿಚ್ಚಿ ತೆಗೆಯುವ ಚೌಕಟ್ಟು ಕಟ್ಟಡವಲ್ಲವಾದರೂ ಇಲಾಖೆಯ ಒಪ್ಪಿಗೆ ಪಡೆದೇ ಮುಂದುವರಿಯುವುದು ವಿಹಿತ. ಕೋಟೆಯಲ್ಲಿ ಆಗದಿದ್ದರೆ ಅಪ್ಪನ ಕೆರೆಯ ದಂಡೆ ಇದ್ದೇ ಇದೆ. ಅಲ್ಲಿ ನಿಲ್ಲಿಸಿದ ಚಿತ್ರ ನೀರಿನಲ್ಲಿಯೂ ಮೂಡಿ ಎರಡಾಗುತ್ತದೆ.

ಇನ್ನು ನಮ್ಮ ಕಮಲಾಪುರದ ಮಾತು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 35 ಕಿಲೋಮೀಟರ್ ದೂರದಲ್ಲಿರುವ, ಈಚೆಗೆ ತಾಲ್ಲೂಕು ಕೇಂದ್ರವಾದ ಊರು ಇದು. ಕೆಂಪು ಬಾಳೆಹಣ್ಣಿಗೆ ಹೆಸರಾದುದು. 2017ರಲ್ಲಿ ಬೀದರ ಕಲಬುರಗಿ ರೈಲು ಈ ಊರನ್ನು ಹಾದು ಓಡಲಾರಂಭಿಸಿತು. ಹಂಪಿಯ ಕಮಲಾಪುರಕ್ಕೆ ಗ್ರೀನ್‌ಲಾ ಬಂದ, ಅಲ್ಲಿ ಅರಮನೆಗಳಿದ್ದವು. ಬಾಳೆಯ ತೋಟ, ವಾರದ ಸಂತೆ, ಎತ್ತಿನ ಗಾಡಿಗಳು ಅಂದಿನ ಸರ್ಕಾರದ ಲೆಕ್ಕದಲ್ಲಿ ಪ್ರಾಚೀನ ವಸ್ತುಗಳಾಗಿರಲಿಲ್ಲ. ಕೋಟೆ ಗೋರಿಗಳನ್ನು ಅರಸಿ ಹೊರಟ ಕ್ಯಾಮೆರಾಗಳಿಗೆ ಇಂತಹ ಊರುಗಳು ದಾರಿಯಲ್ಲಿ ನೀರು ಕುಡಿಯುವ ಜಾಗಗಳು ಮಾತ್ರ.

ಹಾಗೆಂದು ಕಮಲಾಪುರದಲ್ಲಿ ಪ್ರವಾಸದ ಚಿತ್ರಗಳಿಲ್ಲವೇ? ಇಂತಹ ಊರುಗಳ ಮನೆಮನೆಯ ಗೋಡೆಯನ್ನು ನೋಡಿರಿ. ಪಂಢರಪುರಕ್ಕೆ ಹೋದಾಗ ಚಂದ್ರಭಾಗೆಯ ದಂಡೆಯಲ್ಲಿ ನಿಂತ ಅಜ್ಜಿ, ತಿರುಪತಿಯಲ್ಲಿ ಮುಡಿ ಕೊಟ್ಟು ನಿಂತ ಮಕ್ಕಳು, ಅಜ್ಮೀರಿನ ದರ್ಗಾದ ಮುಂದೆ ಟೋಪಿ ಧರಿಸಿದ ಅಣ್ಣ ತಮ್ಮಂದಿರು, ಹಜ್ ಯಾತ್ರೆಗೆ ಹೊರಟ ದಿನ ಕೊರಳಿಗೆ ಹಾರ ಹಾಕಿಸಿಕೊಂಡ ಹಿರಿಯರು, ಕೂಲಿಗಾಗಿ ಮುಂಬಯಿಗೆ ಹೋದವರು ಗೇಟ್‌ವೇ ಮುಂದೆ ತೆಗೆಸಿಕೊಂಡ ಫೋಟೋ. ಕೆಲವರ ಹಿಂದೆ ಸ್ಟುಡಿಯೋದ ಪರದೆಯ ಮೇಲೆ ಬರೆದ ತಾಜಮಹಲೋ ವಿಮಾನವೋ ಇರುತ್ತದೆ; ಹೋಗಲಾರದ ಊರಿಗೆ ಕುಳಿತಲ್ಲಿಯೇ ಹೋಗಿ ಬಂದ ಗುರುತು ಅದು. ಈ ಫೋಟೋಗಳೂ ಪ್ರವಾಸ ಸಾಹಿತ್ಯವೇ. ಇವು ಮಾಸುತ್ತಿವೆ. ಗೋಡೆಯ ತೇವದಿಂದ ಅಂಚು ತಿನ್ನುತ್ತಿವೆ. ಮನೆ ಹೊಸದಾಗಿ ಕಟ್ಟಿಸಿದಾಗ ಅಟ್ಟ ಸೇರುತ್ತವೆ. ಅಟ್ಟದಿಂದ ತಿಪ್ಪೆಗೆ ಹೋಗುವುದಕ್ಕೆ ಬಹಳ ದಿನ ಬೇಕಾಗುವುದಿಲ್ಲ. ಫೋಟೋದಲ್ಲಿರುವವರ ಹೆಸರು ಬಲ್ಲ ಹಿರಿಯರು ಹೋದ ಮೇಲೆ ಉಳಿದ ಕಾಗದಕ್ಕೂ ಬಾಯಿರುವುದಿಲ್ಲ.

ಆದ್ದರಿಂದ ಕಮಲಾಪುರದ ಪ್ರದರ್ಶನ ಕಲಬುರಗಿಯದರ ನಕಲಾಗಬೇಕಿಲ್ಲ. ಶಾಲೆಯ ಮಕ್ಕಳು ಮನೆಮನೆಗೆ ಹೋಗಿ, ಮನೆಯವರ ಒಪ್ಪಿಗೆ ಕೇಳಿ, ಒಂದೊಂದು ಯಾತ್ರೆಯ ಚಿತ್ರವನ್ನು ಪ್ರತಿ ಮಾಡಿಕೊಳ್ಳಲಿ. ಯಾರು, ಯಾವ ಊರು, ಯಾವ ವರ್ಷ, ಹೇಗೆ ಹೋದರು, ದಾರಿಯ ಬುತ್ತಿಗೆ ಏನು ಕಟ್ಟಿಕೊಂಡಿದ್ದರು ಎಂದು ಕೇಳಿ ಬರೆದುಕೊಳ್ಳಲಿ. ಮೂಲ ಚಿತ್ರ ಅಂದೇ ಮನೆಗೆ ಹಿಂದಿರುಗಬೇಕು. ಆಮೇಲೆ ಸಂತೆಯ ಬಯಲಿನಲ್ಲಿ, ಬೇಸಿಗೆಯ ಒಂದು ರಾತ್ರಿ, ಅವನ್ನೆಲ್ಲ ಆಳೆತ್ತರಕ್ಕೆ ಹಿಗ್ಗಿಸಿ ದೀಪ ಹಚ್ಚಿ ನಿಲ್ಲಿಸಿದರೆ, ಜನ ಪಂಢರಪುರದಿಂದ ಅಜ್ಮೀರಿಗೆ, ಅಜ್ಮೀರಿನಿಂದ ಮುಂಬಯಿಗೆ ನಾಲ್ಕು ಹೆಜ್ಜೆಯಲ್ಲಿ ನಡೆಯಬಹುದು. ಒಬ್ಬರ ಅಜ್ಜಿಯನ್ನು ಊರೆಲ್ಲ ನೋಡುತ್ತದೆ. ಯಾತ್ರೆಯ ದಾರಿಗಳು ಬೇರೆಬೇರೆಯಾದರೂ ಹೊರಟ ಊರು ಒಂದೇ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಇದಕ್ಕೆ ಅರಮನೆಯ ಖಜಾನೆ ಬೇಕಾಗಿಲ್ಲ. ಬಿದಿರಿನ ಚೌಕಟ್ಟು, ಬಿಳಿಯ ತೆಳು ಬಟ್ಟೆ, ಕಡಿಮೆ ವಿದ್ಯುತ್ತಿನ ಇಂದಿನ ದೀಪ ಇವಿಷ್ಟಿದ್ದರೆ ಆರಂಭ ಮಾಡಬಹುದು. ಗೊಂಬೆಯಾಟದವರಿಗೆ ಒಂದು ಪಂಚೆಯೂ ಒಂದು ಹಣತೆಯೂ ಸಾಕಾಗಿತ್ತು.

ಗುಲ್ಬರ್ಗಾ ಎಂದು ಬರೆಯುತ್ತಿದ್ದ ಹೆಸರು 2014ರ ನವೆಂಬರ್ 1ರಂದು ಸರ್ಕಾರಿ ಕಾಗದಗಳಲ್ಲಿಯೂ ಕಲಬುರಗಿಯಾಯಿತು. ಊರ ಹೆಸರು ಊರವರ ಬಾಯಿಯಲ್ಲಿದ್ದ ರೂಪಕ್ಕೆ ಹಿಂದಿರುಗಿದಂತೆ ಊರ ಚಿತ್ರಗಳೂ ಊರವರ ಕಣ್ಣಿಗೆ ಹಿಂದಿರುಗಲಿ ಎಂದು ಹಾರೈಸುವುದು ಹೆಚ್ಚಿನ ಆಸೆಯೇನಲ್ಲ. ಮುಂದಿನ ಸಲ ನಿಮ್ಮ ಮನೆಯ ಅಟ್ಟ ಸ್ವಚ್ಛ ಮಾಡುವಾಗ ಮಾಸಿದ ಫೋಟೋವೊಂದು ಕೈಗೆ ಸಿಕ್ಕರೆ ಪಕ್ಕಕ್ಕೆ ಎಸೆಯಬೇಡಿ. ಕಿಟಕಿಯ ಬೆಳಕಿಗೆ ಹಿಡಿದು ನೋಡಿರಿ. ಮನೆಯ ಹಿರಿಯರನ್ನು ಕರೆದು, ಇವರು ಯಾರು, ಎಲ್ಲಿಗೆ ಹೋಗಿದ್ದರು ಎಂದು ಕೇಳಿರಿ. ಹೇಳಿದ್ದನ್ನು ಅದರ ಬೆನ್ನಿನ ಮೇಲೆ ಪೆನ್ಸಿಲಿನಿಂದ ಮೆಲ್ಲಗೆ ಬರೆದಿಡಿರಿ. ಉಳಿದ ಕೆಲಸವನ್ನು ದೀಪ ಹಚ್ಚುವವರು ನೋಡಿಕೊಳ್ಳುತ್ತಾರೆ.